ಬಿಕ್ಕಳಿಕೆಯ ಸರಾಸರಿ

ನಮ್ಮೂರಲ್ಲಿ ಗಂಡು ನೋಡಲು ಹೋದವರು ಮೊದಲು ಕೇಳುವುದು ಹುಡುಗನಿಗೆ ಬಿಕ್ಕಳಿಕೆ ಎಷ್ಟು ಬರುತ್ತದೆ ಎಂದು. ಸಂಬಳದ ಮಾತು ಆಮೇಲೆ. ಎಂಜಿನಿಯರಿಂಗ್ ಕಾಲೇಜಿನವರು ಬರೆದ ಲೇಖನವನ್ನು ಬೇರೆ ಯಾರಾದರೂ ತಮ್ಮ ಲೇಖನದಲ್ಲಿ ಹೆಸರಿಸಿದರೆ, ಅದು ಯಾವ ಊರಿನಲ್ಲೇ ಅಚ್ಚಾಗಲಿ, ಅಚ್ಚಾದ ಗಳಿಗೆಗೆ ಇಲ್ಲಿ ಬರೆದವನಿಗೆ ಬಿಕ್ಕಳಿಕೆ ಬರುತ್ತದೆ. ಒಂದು ಉಲ್ಲೇಖಕ್ಕೆ ಒಂದು ಬಿಕ್ಕಳಿಕೆ. ಬೇರೆ ಕಡೆ ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಂಡರು ಎಂದು ನೀರು ಕುಡಿದು ಸುಮ್ಮನಾಗುತ್ತಾರಂತೆ. ನಮ್ಮಲ್ಲಿ ಸುಮ್ಮನಾಗುವ ಹಾಗಿಲ್ಲ. ಪಕ್ಕದ ಮನೆಯವರು ಗೋಡೆಗೆ ಕಿವಿ ಕೊಟ್ಟು ಕೂತಿರುತ್ತಾರೆ.

ಊರು ಇದಕ್ಕೆ ಒಗ್ಗಿಕೊಂಡು ಎಷ್ಟೋ ಕಾಲವಾಯಿತು. ಕ್ಷೌರದಂಗಡಿಯ ಮುನೀರ್ ಕತ್ತಿ ಎತ್ತುವ ಮೊದಲು, "ಸಾರ್, ಈಚೆಗೆ ಏನಾದ್ರೂ ಬರೆದಿದ್ದೀರಾ?" ಎಂದು ಕೇಳುತ್ತಾನೆ. ಹೌದೆಂದರೆ ಗಡ್ಡಕ್ಕೂ ಕತ್ತರಿಯೇ. ಹೋಟೆಲಿನವರು ಕಾಲೇಜಿನವರಿಗೆ ಲೋಟದ ತುಂಬ ಕಾಫಿ ಕೊಡುವುದಿಲ್ಲ, ಅರ್ಧ ಕೊಟ್ಟು ಆಮೇಲೆ ಮತ್ತೆ ಸುರಿಯುತ್ತಾರೆ. ಒಂದೂ ಬಿಕ್ಕಳಿಕೆ ಕಾಣದ ಮೇಷ್ಟ್ರುಗಳ ಹೆಂಡತಿಯರು ಮದುವೆ ಮನೆಗಳಲ್ಲಿ ಕಂಬದ ಹಿಂದೆ ಕೂರುತ್ತಾರೆ. ಒಬ್ಬ ಪುಣ್ಯಾತ್ಮ ಬರೀ ಹೊಟ್ಟೆಗೆ ಸೋಡಾ ಕುಡಿದು ಸುಳ್ಳು ಬಿಕ್ಕಳಿಕೆ ತರಿಸಿಕೊಳ್ಳುತ್ತಿದ್ದ. ಅವನ ಹೆಸರು ಹೇಳುವುದಿಲ್ಲ, ಈಗ ಮೊಮ್ಮಕ್ಕಳಿದ್ದಾರೆ.

ನಾನು ಕೊಟ್ರಮ್ಮ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವಳು ಎಣಿಕೆಯ ಕೆಲಸಕ್ಕೆ ಸೇರಿಕೊಂಡೆ. ವರ್ಷಕ್ಕೊಮ್ಮೆ, ಸಂಕ್ರಾಂತಿ ಕಳೆದ ಮೇಲೆ, ಎಣಿಕೆ ವಾರ ಬರುತ್ತದೆ. ಹಿಂದಿನ ಎರಡು ವರ್ಷದಲ್ಲಿ ಲೇಖನ ಬರೆದವರೆಲ್ಲ ಕಾಲೇಜಿನ ದೊಡ್ಡ ಹಾಲಿನಲ್ಲಿ ಪತ್ರಿಕೆವಾರು ಸಾಲಾಗಿ ಕೂರಬೇಕು. ಅವರ ಹಿಂದೆ ನಾವು ಹೆಂಗಸರು ಹಿತ್ತಾಳೆ ಚೊಂಬು, ಮಡಿಲಲ್ಲಿ ಹುಣಿಸೆ ಬೀಜ ಇಟ್ಟುಕೊಂಡು ಕೂರುತ್ತೇವೆ. ಬಿಕ್ಕಳಿಕೆ ಬಂದರೆ ಚೊಂಬಿಗೆ ಒಂದು ಬೀಜ. ವಾರದ ಕೊನೆಗೆ ಒಂದು ಪತ್ರಿಕೆಯ ಬೀಜಗಳನ್ನೆಲ್ಲ ಕೂಡಿಸಿ, ಅದು ಎರಡು ವರ್ಷದಲ್ಲಿ ಹಾಕಿದ ಲೇಖನಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಆ ಸರಾಸರಿಯೇ ಪತ್ರಿಕೆಯ ಯೋಗ್ಯತೆ. ಯೋಗ್ಯತೆಯ ಪಟ್ಟಿ ದೇಶದ ಎಲ್ಲ ಎಂಜಿನಿಯರಿಂಗ್ ಕಾಲೇಜುಗಳ ಗೋಡೆಗೂ ಹೋಗುತ್ತದೆ. ಎರಡು ವರ್ಷಕ್ಕಿಂತ ಹಳೆಯ ಲೇಖನದ ಬಿಕ್ಕಳಿಕೆಗೆ ಬೀಜ ಇಲ್ಲ. ಅದು ಹೊಟ್ಟೆಯಿಂದ ಎದ್ದು ಬರುತ್ತದೆ, ಹೊಸದು ಗಂಟಲಿನಿಂದಲೇ ಬರುತ್ತದೆ. ಸ್ವಲ್ಪ ದಿನ ಕೂತರೆ ಯಾರಿಗಾದರೂ ಗೊತ್ತಾಗುತ್ತದೆ, ಅದೇನು ದೊಡ್ಡ ವಿದ್ಯೆಯಲ್ಲ.

ನನ್ನ ತಮ್ಮ ಹಾಲೇಶ ಸೇತುವೆಗಳ ವಿಷಯ ಓದಿ ಅದೇ ಕಾಲೇಜಿನಲ್ಲಿ ಪಾಠ ಮಾಡುವವನು. ಅವ್ವ ಸತ್ತಾಗ ಅವನಿನ್ನೂ ಹೈಸ್ಕೂಲು. ಅವನನ್ನು ಮುಂದೆ ಓದಿಸಿದವರು ಶ್ರೀಕಂಠಯ್ಯ ಮೇಷ್ಟ್ರು. ಫೀಸು ಕಟ್ಟಿದ್ದಲ್ಲದೆ ತಮ್ಮ ಮನೆಯಲ್ಲೇ ಊಟ ಹಾಕಿದರು. ಮೇಷ್ಟ್ರು 'ನದಿ ಮತ್ತು ಸೇತುವೆ' ಎಂಬ ಪತ್ರಿಕೆಯ ಸಂಪಾದಕರು. ಆ ಪತ್ರಿಕೆಗೆ ಎಂದೂ ಸರಿಯಾಗಿ ಸರಾಸರಿ ಬಂದದ್ದಿಲ್ಲ. ಸೇತುವೆ ಕಟ್ಟುವುದೇ ನಿಧಾನ, ಅದು ನಿಲ್ಲುತ್ತದೋ ಇಲ್ಲವೋ ಗೊತ್ತಾಗುವುದು ಇನ್ನೂ ನಿಧಾನ. ಅದರ ಲೇಖನ ಬರೆದವರಿಗೆ ಬಿಕ್ಕಳಿಕೆ ಬರುವ ಹೊತ್ತಿಗೆ ತಲೆ ನರೆತಿರುತ್ತದೆ, ಆಗ ಅದಕ್ಕೆ ಬೀಜ ಹಾಕುವವರಿಲ್ಲ. ಬೇರೆ ಪತ್ರಿಕೆಯವರು ಬುದ್ಧಿವಂತಿಕೆಯಿಂದ ಬೇಗ ಬಿಕ್ಕಳಿಸುವ ವಿಷಯಗಳಿಗೆ ಹೊರಳಿಕೊಂಡರು. ಮೇಷ್ಟ್ರು ಹೊರಳಲಿಲ್ಲ.

ಹಾಲೇಶನ ಲೇಖನ ಆ ಪತ್ರಿಕೆಯಲ್ಲಿ ಬಂತು. ಹೊಳೆಯ ಮರಳಿನಲ್ಲಿ ಸೇತುವೆಯ ಕಂಬ ನಿಲ್ಲಿಸಲು ಪಾಯ ಎಷ್ಟು ಆಳ ತೆಗೆಯಬೇಕು ಎಂಬುದಕ್ಕೆ ಅವನೊಂದು ಕೋಷ್ಟಕ ಮಾಡಿದ್ದ. ಒಂದು ಕಡೆ ಮರಳಿನ ಕಾಳಿನ ಗಾತ್ರ, ಇನ್ನೊಂದು ಕಡೆ ನೀರಿನ ವೇಗ, ಎರಡೂ ಕೂಡುವ ಮನೆಯಲ್ಲಿ ಆಳ. ನನಗೂ ಅರ್ಥವಾಗುವಷ್ಟು ಸರಳವಾಗಿತ್ತು. ಸರಳವಾದದ್ದಕ್ಕೇ ಎಲ್ಲರೂ ಹಿಡಿದುಕೊಂಡರೋ ಏನೋ. ಮೊದಲ ಬಿಕ್ಕಳಿಕೆ ಬಂದಾಗ ಅವನು ಮಜ್ಜಿಗೆ ಅನ್ನ ಕಲೆಸುತ್ತಿದ್ದ. ನಾನು ಕೈಯಲ್ಲಿದ್ದ ಸೌಟು ಹಾಗೇ ಹಿಡಿದುಕೊಂಡು ನಿಂತೆ. ಅವನು ನಾಚಿಕೊಂಡು ನಕ್ಕ. ಆಮೇಲೆ ಇನ್ನೊಂದು ಬಂತು, ಮಾರನೇ ದಿನ ಮತ್ತೆರಡು. ತಿಂಗಳು ಕಳೆಯುವುದರೊಳಗೆ ನೀರಿನ ಚೊಂಬು ಅವನ ಪಕ್ಕದಲ್ಲೇ ಇರುವಂತಾಯಿತು. ಬೀದಿಯಲ್ಲಿ ಹೋಗುವವರು ನಮ್ಮ ಮನೆ ಮುಂದೆ ಹೆಜ್ಜೆ ನಿಧಾನ ಮಾಡುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ನಾನು ಕಿಟಕಿ ತೆರೆದೇ ಇಡುತ್ತಿದ್ದೆ.

ಆ ವರ್ಷದ ಎಣಿಕೆ ವಾರಕ್ಕೆ ಇನ್ನೇನು ಸ್ವಲ್ಪ ದಿನ ಇರುವಾಗ ನಾನು ಅವನಿಗೆ ಬುತ್ತಿ ಕೊಡಲು ಪ್ರಯೋಗಶಾಲೆಗೆ ಹೋದೆ. ಅಲ್ಲಿ ಗಾಜಿನ ಗೋಡೆಯ ಉದ್ದನೆಯ ಕಾಲುವೆ ಇದೆ. ಅದರಲ್ಲಿ ಮರಳು ಹಾಸಿ, ಪುಟ್ಟ ಕಂಬ ನೆಟ್ಟು, ನೀರು ಬಿಡುತ್ತಾರೆ. ಹಾಲೇಶ ಒಬ್ಬನೇ ಇದ್ದ. ನಾನು ಬಂದದ್ದು ನೋಡಿ ನಿಲ್ಲು ಎಂದು ಕೈಸನ್ನೆ ಮಾಡಿದ. ರಾಗಿಹಿಟ್ಟಿನಂಥ ನುಣ್ಣನೆಯ ಮರಳು ಹಾಸಿದ್ದ. ನೀರು ಹರಿಯುತ್ತ ಹರಿಯುತ್ತ ಕಂಬದ ಬುಡದಲ್ಲಿ ಸುಳಿ ಎದ್ದಿತು, ಗುಂಡಿ ಬಿತ್ತು, ಗುಂಡಿ ಆಳವಾಯಿತು. ನೋಡನೋಡುತ್ತಲೇ ಕಂಬ ವಾಲಿ, ಅಡ್ಡಬಿದ್ದು, ಗಾಜಿಗೆ ಬಡಿದುಕೊಂಡು ಹರಿದುಹೋಯಿತು.

"ನನ್ನ ಕೋಷ್ಟಕದ ಪ್ರಕಾರಾನೇ ನೆಟ್ಟಿದ್ದೆ ಅಕ್ಕ," ಎಂದ.

"ಮತ್ತೆ ಬಿತ್ತಲ್ಲ?"

"ಕೊನೇ ಸಾಲು, ಈ ನುಣುಪು ಮರಳಿಂದು, ಪ್ರಯೋಗ ಮಾಡಿರಲಿಲ್ಲ. ಮೇಲಿನ ಸಾಲುಗಳ ಲೆಕ್ಕ ಹಿಡ್ಕೊಂಡು ಹಾಗೇ ತುಂಬಿಬಿಟ್ಟೆ. ಒಂದೇ ರೀತಿ ಇಳೀತಿತ್ತು, ಇದೂ ಹಾಗೇ ಇರುತ್ತೆ ಅನ್ಕೊಂಡೆ." ಅಷ್ಟು ಹೇಳುವಷ್ಟರಲ್ಲಿ ಅವನಿಗೊಂದು ಬಿಕ್ಕಳಿಕೆ ಬಂತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬುತ್ತಿಯನ್ನು ಬಿಚ್ಚಲಿಲ್ಲ, ಹಾಗೇ ವಾಪಸು ತಂದೆ.

ಅವತ್ತು ಸಂಜೆಯೇ ಮೇಷ್ಟ್ರ ಮನೆಗೆ ಹೋದೆವು. ಮೇಷ್ಟ್ರು ಹಾಲೇಶ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು, ಲೆಕ್ಕ ತಾವೇ ಮತ್ತೊಮ್ಮೆ ಮಾಡಿ ನೋಡಿದರು. ತಪ್ಪನ್ನು ಒಪ್ಪಿಕೊಂಡರು. ಅವರು ಸುಳ್ಳುಗಾರರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

"ತಿದ್ದುಪಡಿ ಹಾಕೋಣ ಹಾಲೇಶಿ, ಬೇಡ ಅಂತ ನಾನು ಅಂದ್ನಾ? ಎಣಿಕೆ ವಾರ ಒಂದು ಮುಗೀಲಿ."

"ಅಷ್ಟರಲ್ಲಿ ಯಾರಾದ್ರೂ ಪಾಯ ತೆಗೆದುಬಿಟ್ರೆ ಸಾರ್?"

"ಸೇತುವೆ ಅಂದ್ರೆ ಅಷ್ಟು ಬೇಗ ಆಗೋ ಕೆಲಸಾನಾ? ನೋಡಪ್ಪ, ಎಣಿಕೆ ಮಂಡಳಿಯವರು ಈ ಸಲ ಗೆರೆ ಎಳೆದಿದ್ದಾರೆ. ಸರಾಸರಿ ಒಂದಕ್ಕಿಂತ ಕೆಳಗಿರೋ ಪತ್ರಿಕೆ ಮುಚ್ಚಿಸ್ತಾರೆ. ನಮ್ಮ ಪತ್ರಿಕೇಲಿ ಬರೆದೋರೆಲ್ಲ ಕಲ್ಲಿನ ಹಾಗೆ ಕೂತಿರ್ತಾರೆ, ನೀನೊಬ್ಬನೇ ಬಿಕ್ಕಳಿಸೋನು. ನಿನ್ನ ಲೇಖನದ ಮೇಲೆ ಉಳಿದ ಎಲ್ಲರ ಲೇಖನಾನೂ ನಿಂತಿದೆ. ಈ ಪತ್ರಿಕೆ ಹೋದ್ರೆ ನಿಧಾನದ ಕೆಲಸ ಮಾಡೋರು ಎಲ್ಲಿಗೆ ಹೋಗ್ಬೇಕು, ಹೇಳು?"

ಹಾಲೇಶ ತಲೆ ತಗ್ಗಿಸಿ ಕೂತ. ಊಟ ಹಾಕಿದ ಮನೆ ಅದು, ಅವನು ಅಲ್ಲಿ ಎದುರು ಮಾತಾಡುವವನಲ್ಲ. ನನಗೆ ಬಾಯಿಯ ತನಕ ಮಾತು ಬಂದಿತ್ತು, ಮೇಷ್ಟ್ರ ಹೆಂಡತಿ ಕಾಫಿ ತಂದರು ಎಂದು ನುಂಗಿಕೊಂಡೆ.

ಆ ವರ್ಷ ಹಾಲೇಶನ ಹಿಂದೆ ಕೂತು ಎಣಿಸಿದವಳು ನಾನೇ. ಒಡಹುಟ್ಟಿದವರ ಹಿಂದೆ ಕೂರಬಾರದೆಂಬ ನಿಯಮವೇನಿಲ್ಲ, ಚೊಂಬಿಗೆ ಸುಳ್ಳು ಬೀಜ ಹಾಕಿದವಳು ಊರಲ್ಲಿ ಬದುಕಲಾರಳು ಎಂಬ ಭಯವೇ ಸಾಕು. ಚೊಂಬು ತುಂಬಿ ಇನ್ನೊಂದು ಚೊಂಬು ತರಿಸಿದರು. 'ನದಿ ಮತ್ತು ಸೇತುವೆ' ಪಟ್ಟಿಯ ತುದಿಗೆ ಏರಿತು. ಮೇಷ್ಟ್ರು ಕಣ್ಣೊರೆಸಿಕೊಂಡರು, ಊರವರು ಅವರನ್ನು ಹೆಗಲ ಮೇಲೆ ಹೊತ್ತು ಮೆರವಣಿಗೆ ಮಾಡಿದರು.

ಕೊಟ್ಟ ಮಾತಿನಂತೆ ತಿದ್ದುಪಡಿಯೂ ಬಂತು. ಕೊನೆಯ ಪುಟದಲ್ಲಿ, ಚಂದಾ ವಿವರದ ಕೆಳಗೆ, ಭೂತಗನ್ನಡಿ ಬೇಕಾಗುವಂಥ ಅಕ್ಷರದಲ್ಲಿ. ಹಾಲೇಶ ಅದನ್ನು ಓದಿ ಮಡಿಸಿಟ್ಟು, "ಇನ್ನು ಬಿಕ್ಕಳಿಕೆ ನಿಲ್ಲುತ್ತೆ ಅಕ್ಕ," ಎಂದ. ಪಾಪ, ನಂಬಿದ್ದ.

ನಿಲ್ಲುವುದಿರಲಿ, ಹೆಚ್ಚಾಯಿತು. ಪಟ್ಟಿಯ ತುದಿಯಲ್ಲಿರುವ ಪತ್ರಿಕೆ ಎಂದ ಮೇಲೆ ಅದರಲ್ಲಿನ ಲೇಖನದ ಹೆಸರು ಹಾಕದಿದ್ದರೆ ಬರೆದವನಿಗೆ ಮರ್ಯಾದೆ ಇಲ್ಲವಂತೆ. ಎಲ್ಲರೂ ಹಾಕಿದರು. ಬೆಳಿಗ್ಗೆ ಹಲ್ಲುಜ್ಜುವಾಗ, ಪಾಠ ಮಾಡುವಾಗ, ದೇವರಿಗೆ ಕೈಮುಗಿಯುವಾಗ ಅವನ ಗಂಟಲು ಕಿತ್ತುಕೊಂಡು ಬರುತ್ತಿತ್ತು. ಎದುರು ಸಿಕ್ಕವರು ಶಹಬ್ಬಾಸ್ ಎಂದು ಬೆನ್ನು ತಟ್ಟುತ್ತಿದ್ದರು. ಅವನು ಮನೆಗೆ ಬಂದು ಕೂತು, ಪ್ರತಿ ಬಿಕ್ಕಳಿಕೆಗೂ ನನ್ನನ್ನು ಕೇಳುತ್ತಿದ್ದ, "ಇದು ಎಲ್ಲಿ ಅಕ್ಕ? ಯಾವ ಹೊಳೆ?" ನಾನೇನು ಹೇಳಲಿ? ಬಿಕ್ಕಳಿಕೆಗೆ ಊರಿನ ಹೆಸರಿರುವುದಿಲ್ಲ. ಯಾವುದೋ ಹೊಳೆಯ ಮರಳಿನಲ್ಲಿ ಯಾರೋ ಅವನ ಕೊನೆಯ ಸಾಲು ನೋಡಿಕೊಂಡು ಪಾಯ ತೆಗೆಸುತ್ತಿದ್ದಾರೆ, ಮೇಲೆ ಸೇತುವೆ ಬರುತ್ತದೆ, ಅದರ ಮೇಲೆ ಬಸ್ಸು, ಬಸ್ಸಿನಲ್ಲಿ ಜನ. ಅವನಿಗೆ ಕಣ್ಣಿಗೆ ಕಟ್ಟುತ್ತಿದ್ದದ್ದು ಅದೇ. ಊಟ ಬಿಟ್ಟ, ಕೆನ್ನೆ ಒಳಗೆ ಹೋಯಿತು. ಗೊತ್ತಿದ್ದ ಕಾಲೇಜುಗಳಿಗೆಲ್ಲ ಪತ್ರ ಬರೆದ. 'ತಮ್ಮ ಪತ್ರ ತಲುಪಿದೆ' ಎಂದು ಉತ್ತರ ಬಂತು, ಅದಕ್ಕಿಂತ ಹೆಚ್ಚೇನಿಲ್ಲ. ಅವನು ಹೀಗೆಯೇ ಒಣಗಿ ಸಾಯುತ್ತಾನೆ ಎಂದು ನನಗೆ ನಿಜವಾಗಿ ಭಯವಾಯಿತು.

ನಾನೇ ಮೇಷ್ಟ್ರ ಹತ್ತಿರ ಹೋದೆ. ಈ ಸಲ ಕಾಫಿ ಬರುವ ತನಕ ಕಾಯಲಿಲ್ಲ.

"ತಿದ್ದುಪಡೀನ ಮೊದಲನೇ ಪುಟದಲ್ಲಿ ಹಾಕಿ ಮೇಷ್ಟ್ರೇ. ಒಂದು ಲೇಖನ ಅಂತಾನೇ ದೊಡ್ಡದಾಗಿ ಹಾಕಿ, ನಾಲ್ಕು ಜನ ಓದೋ ಹಾಗೆ."

"ಲೇಖನ ಅಂತ ಹಾಕಿದ್ರೆ ಭಾಗಿಸೋ ಕಡೆ ಒಂದು ಜಾಸ್ತಿ ಆಗುತ್ತಲ್ಲ ಕೊಟ್ರಮ್ಮ. ತಿದ್ದುಪಡಿಗೆ ಯಾರು ಹೆಸರು ಹಾಕ್ತಾರೆ? ಬಿಕ್ಕಳಿಕೆ ತರದೇ ಇರೋದನ್ನ ಲೇಖನ ಅಂತ ಸೇರಿಸಿಕೊಂಡರೆ ಸರಾಸರಿ ಇಳಿಯುತ್ತೆ."

"ನಿಮ್ಮ ಸರಾಸರಿ ಏರ್ತಾ ಏರ್ತಾ ನನ್ನ ತಮ್ಮ ಇಳೀತಿದ್ದಾನೆ. ಬಂದು ನೋಡಿ ಒಂದ್ಸಲ."

ಅವರು ಮುಖ ಆ ಕಡೆ ಮಾಡಿದರು. "ಇನ್ನೊಂದೇ ಒಂದು ಎಣಿಕೆ ವಾರ," ಎಂದರು. "ಅದು ಮುಗಿದರೆ ಅವನ ಲೇಖನ ಎರಡು ವರ್ಷ ದಾಟುತ್ತೆ. ಆಮೇಲೆ ನೀವು ಹೇಳಿದ ಪುಟದಲ್ಲಿ, ಹೇಳಿದ ಅಕ್ಷರದಲ್ಲಿ ಹಾಕ್ತೀನಿ. ಆಣೆ ಬೇಕಾದ್ರೆ ಮಾಡ್ತೀನಿ." ನನಗೆ ಅವರ ಮೇಲೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು. ಎರಡನ್ನೂ ಹೊತ್ತುಕೊಂಡು ಮನೆಗೆ ಬಂದೆ.

ಎರಡನೇ ವರ್ಷದ ಎಣಿಕೆ ವಾರಕ್ಕೆ ಹಾಲೇಶನನ್ನು ಇಬ್ಬರು ಹಿಡಿದುಕೊಂಡು ಬಂದು ಕೂರಿಸಿದರು. ಅಂಗಿ ಮೈಮೇಲೆ ಜೋಲುತ್ತಿತ್ತು. ನಾನು ಹಿಂದೆ ಕೂತೆ. ಮೊದಲ ದಿನ ಎಂದಿನಂತೆ ಬೀಜ ಹಾಕಿದೆ, ಕೆಲಸ ಕೆಲಸವೇ ಎಂದು ಮನಸ್ಸು ಗಟ್ಟಿ ಮಾಡಿಕೊಂಡು. ಚೊಂಬಿಗೆ ಬೀಜ ಬಿದ್ದು ಟಣ್ ಎಂದಾಗಲೆಲ್ಲ ಅವನ ಭುಜ ಸಣ್ಣಗೆ ಅದುರುತ್ತಿತ್ತು. ಎರಡನೇ ದಿನ ಮಧ್ಯಾಹ್ನ ಒಂದು ಬಿಕ್ಕಳಿಕೆ ಬಂತು. ನಾನು ಬೀಜ ತೆಗೆದುಕೊಂಡು ಚೊಂಬಿನ ಬಾಯಿಗೆ ಹಿಡಿದೆ. ಆಗ ಅವನು ಕುರ್ಚಿಯಲ್ಲಿ ಹಿಂದೆ ತಿರುಗಿ ನನ್ನನ್ನು ನೋಡಿದ. ಅವ್ವ ಸತ್ತ ದಿನ ಬಾಗಿಲಲ್ಲಿ ನಿಂತು ನನ್ನನ್ನು ಹಾಗೆಯೇ ನೋಡಿದ್ದ. ಬೀಜವನ್ನು ಮಡಿಲಿಗೇ ಹಾಕಿಕೊಂಡೆ.

ಮುಂದಿನದಕ್ಕೂ ಹಾಕಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ಚೊಂಬಿನ ಸದ್ದು ನಿಂತದ್ದು ಅಕ್ಕಪಕ್ಕದವರಿಗೆ ಗೊತ್ತಾಯಿತು. ಮಂಡಳಿಯ ಕಾರ್ಯದರ್ಶಿ ವಿರೂಪಾಕ್ಷಪ್ಪ ಧಾವಿಸಿ ಬಂದರು.

"ಏನಮ್ಮ, ನಿದ್ದೆ ಹೊಡೀತಿದ್ದೀಯಾ?"

"ಎಚ್ಚರವಾಗೇ ಇದ್ದೀನಿ. ಇವನ ಲೇಖನ ತಪ್ಪು ಅಂತ ಇವನೇ ಬರೆದು ಹೋದ ವರ್ಷ ಅಚ್ಚಾಗಿದೆ. ನಿಂತಿರೋ ಲೇಖನಕ್ಕೆ ಬೀಜ ಹಾಕ್ತೀನಿ. ಬಿದ್ದುಹೋಗಿರೋದಕ್ಕೆ ಹಾಕೋಲ್ಲ."

"ಹಾಗಂತ ನಿಯಮದಲ್ಲಿ ಎಲ್ಲಿದೆ?"

"ಹಾಕಲೇಬೇಕು ಅಂತ ಎಲ್ಲಿದೆ, ತೋರಿಸಿ."

ಹಾಲಿನಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದ್ದರು. ವಿರೂಪಾಕ್ಷಪ್ಪ ಬೇರೆ ಹೆಂಗಸನ್ನು ಕೂರಿಸಲು ನೋಡಿದರು. ಆದರೆ ನಡುವೆ ಕೈ ಬದಲಿಸಿದರೆ ಆ ಚೊಂಬೇ ಲೆಕ್ಕಕ್ಕಿಲ್ಲ ಎಂಬುದು ಹಳೆಯ ನಿಯಮ, ಅದನ್ನು ಮುರಿದರೆ ಉಳಿದ ಪತ್ರಿಕೆಯವರು ಸುಮ್ಮನಿರುತ್ತಾರೆಯೇ? ಮೇಷ್ಟ್ರು ಮುಂದಿನ ಸಾಲಿನಿಂದ ಎದ್ದು ಬಂದರು. ನನ್ನ ಎದುರು ನಿಂತು, "ಕೊಟ್ರಮ್ಮ" ಎಂದಷ್ಟೇ ಅಂದರು. ನಾನು ಕಣ್ಣೆತ್ತಲಿಲ್ಲ. ಎತ್ತಿದ್ದರೆ ಸೋಲುತ್ತಿದ್ದೆ. ಅವರು ಹೊರಗೆ ಹೋದರು.

ವಾರ ಮುಗಿದಾಗ, ಒಂದೂವರೆ ದಿನದ ಬೀಜ ಎರಡು ವರ್ಷದ ಲೇಖನಗಳಿಗೆ ಸಾಲದೆ, 'ನದಿ ಮತ್ತು ಸೇತುವೆ' ಪಟ್ಟಿಯ ತುದಿಯಿಂದ ತಳಕ್ಕೆ ಬಂತು. ಗೆರೆಯ ಕೆಳಗೆ ಬಂದದ್ದರಿಂದ ಪತ್ರಿಕೆಯನ್ನು ಮುಚ್ಚಿದರು. ನನ್ನನ್ನು ಎಣಿಕೆಯಿಂದ ತೆಗೆದರು. ತೆಗೆಯಲಿ.

ಆದರೆ ನಾನು ಎಣಿಸಿರದ ಒಂದು ಕೆಲಸ ನಡೆಯಿತು. ತಿದ್ದುಪಡಿಯನ್ನು ಯಾರೂ ಓದುವುದಿಲ್ಲ, ಪಟ್ಟಿಯನ್ನು ಓದದವರಿಲ್ಲ. ತುದಿಯಲ್ಲಿದ್ದ ಪತ್ರಿಕೆ ಒಂದೇ ವರ್ಷದಲ್ಲಿ ತಳಕ್ಕೆ ಯಾಕೆ ಬಿತ್ತು ಎಂದು ದೇಶದ ಕಾಲೇಜುಗಳೆಲ್ಲ ವಿಚಾರಿಸಿದವು. ಕಪಾಟಿನಿಂದ ಹಳೆಯ ಸಂಚಿಕೆ ತೆಗೆದರು, ಕೊನೆಯ ಪುಟ ತಿರುಗಿಸಿದರು. ಹಾಲೇಶನ ಬಿಕ್ಕಳಿಕೆ ಕಡಿಮೆಯಾಗುತ್ತ ಬಂತು. ಯುಗಾದಿಯ ಹೊತ್ತಿಗೆ ಪೂರ್ತಿ ನಿಂತಿತು. ಹಬ್ಬದ ದಿನ ಅವನು ಹೋಳಿಗೆ ತಿಂದ. ನಾನು ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡು ಬಂದು ಇನ್ನೊಂದು ಬಡಿಸಿದೆ.

ಹೆಸರು ಹಾಕಿದ್ದ ಪ್ರೊಫೆಸರುಗಳು ಒಬ್ಬೊಬ್ಬರಾಗಿ ಫೋನು ಮಾಡಿದರು, ಕೆಲವರು ಮನೆಗೇ ಬಂದರು. ಹಾಲೇಶ ಪ್ರತಿಯೊಬ್ಬರನ್ನೂ ಒಂದೇ ಪ್ರಶ್ನೆ ಕೇಳುತ್ತಿದ್ದ, ನೀವು ಎಲ್ಲಿ ಸೇತುವೆ ಕಟ್ಟಿಸಿದಿರಿ, ಮರಳು ಎಂಥದು ಎಂದು. ದೂರದಿಂದ ಬಂದಿದ್ದ ದಪ್ಪ ಕನ್ನಡಕದ ಒಬ್ಬರು ಕಾಫಿ ಲೋಟ ಕೆಳಗಿಟ್ಟು, "ಅಯ್ಯೋ, ನಾವು ಅದನ್ನ ಉಪಯೋಗಿಸಿಲ್ಲ ಸಾರ್. ನಿಜ ಹೇಳ್ಬೇಕು ಅಂದ್ರೆ ಓದೂ ಇಲ್ಲ. ಎಲ್ಲರೂ ಹಾಕ್ತಾರಲ್ಲ ಅಂತ ನಾವೂ ಹೆಸರು ಹಾಕಿದ್ವಿ," ಎಂದರು. ಬೇರೆ ಬೇರೆ ಮಾತಿನಲ್ಲಿ ಎಲ್ಲರೂ ಹೇಳಿದ್ದು ಅದನ್ನೇ. ಒಬ್ಬರೂ ಪಾಯ ತೆಗೆದಿರಲಿಲ್ಲ. ಅವರು ಹೋದ ಮೇಲೆ ಹಾಲೇಶ ಬಹಳ ಹೊತ್ತು ಜಗುಲಿಯಲ್ಲಿ ಕೂತಿದ್ದ. ಯಾರಿಗೂ ಅಪಾಯವಾಗಲಿಲ್ಲ ಎಂಬ ನೆಮ್ಮದಿ ಒಂದು ಕಡೆ. ಅಷ್ಟು ಬಿಕ್ಕಳಿಸಿದ್ದು ಯಾವುದಕ್ಕೆ ಎಂಬ ಅವಮಾನ ಇನ್ನೊಂದು ಕಡೆ. "ಒಬ್ಬನಾದ್ರೂ ಓದಿದ್ದಿದ್ರೆ ಕೊನೇ ಸಾಲು ನೋಡಿ ಅನುಮಾನ ಪಡ್ತಿದ್ದ," ಎಂದ. ಅವನ ದನಿಯಲ್ಲಿ ಅಳು ಇತ್ತು.

ವೈಶಾಖದಲ್ಲಿ ಒಂದು ಮಧ್ಯಾಹ್ನ, ಊಟದ ನಡುವೆ, ಅವನಿಗೆ ಒಂದೇ ಒಂದು ಬಿಕ್ಕಳಿಕೆ ಬಂತು. ನಾನು ನೀರಿನ ಲೋಟ ಚಾಚಿದೆ, ಅವನು ತೆಗೆದುಕೊಳ್ಳಲಿಲ್ಲ. ನಮಗಿಬ್ಬರಿಗೂ ಒಟ್ಟಿಗೇ ಹೊಳೆಯಿತು. ಪಟ್ಟಿ ನೋಡುವ ಕಾಲೇಜುಗಳಿಗೆಲ್ಲ ಗೊತ್ತಾಗಿದೆ. ಈಗಲೂ ಹೆಸರು ಹಾಕುವವರು ಎಂದರೆ ಪಟ್ಟಿ ತಲುಪದ ಜಾಗದವರು. ಅಂಥವರು ಮರ್ಯಾದೆಗಾಗಿ ಹೆಸರು ಹಾಕುವುದಿಲ್ಲ, ಅವರಿಗೆ ಅದರಿಂದ ಬರುವ ಮರ್ಯಾದೆಯೇ ಇಲ್ಲ. ಹಾಕಿದ್ದಾರೆ ಎಂದರೆ ನಿಜಕ್ಕೂ ಸೇತುವೆ ಕಟ್ಟಲು ಹೊರಟವರು. ಹಾಲೇಶ ಅರ್ಧ ಊಟಕ್ಕೆ ಕೈ ತೊಳೆದು ಲೈಬ್ರರಿಗೆ ಓಡಿದ, ನಾನೂ ಬಾಗಿಲು ಎಳೆದುಕೊಂಡು ಹಿಂದೆಯೇ ಹೋದೆ.

ಕಪಾಟುಗಳಲ್ಲಿ ಇರುವುದು ಪಟ್ಟಿಯಲ್ಲಿರುವ ಪತ್ರಿಕೆಗಳು ಮಾತ್ರ. ಸಣ್ಣಪುಟ್ಟ ಪಾಲಿಟೆಕ್ನಿಕ್‌ಗಳು ವಿನಿಮಯಕ್ಕೆಂದು ಕಳಿಸುವ ಪತ್ರಿಕೆಗಳನ್ನು ಯಾರೂ ಬಿಚ್ಚುವುದಿಲ್ಲ. ಸುತ್ತಿದ ಕಾಗದ ಸಹಿತ ಗೋಣಿಚೀಲಕ್ಕೆ ತುಂಬಿ ಹಿಂದಿನ ಕೋಣೆಯಲ್ಲಿ ಒಟ್ಟುತ್ತಾರೆ. ನಾವು ಹೋದಾಗ ಆ ಕೋಣೆಯಲ್ಲಿ ಮೇಷ್ಟ್ರು ಕೂತಿದ್ದರು. ಪತ್ರಿಕೆ ಹೋದ ಮೇಲೆ ಅವರು ಮನೆಯಿಂದ ಹೊರಗೆ ಬಂದದ್ದನ್ನು ನಾನು ನೋಡಿರಲಿಲ್ಲ. ಅಲ್ಲಿ ಒಬ್ಬರೇ ತಮ್ಮ ಹಳೆಯ ಸಂಚಿಕೆಗಳನ್ನು ಕಟ್ಟು ಕಟ್ಟುತ್ತಿದ್ದರು. ಹಾಲೇಶ ಬಿಕ್ಕಳಿಕೆಯ ವಿಷಯ ಹೇಳಿದ. ಅವರು ಕೈಯಲ್ಲಿದ್ದ ದಾರ ಬಿಟ್ಟು, ಎದ್ದು, ಒಂದು ಚೀಲವನ್ನು ಬೆಳಕಿಗೆ ಎಳೆದರು.

"ಕೊಟ್ರಮ್ಮ, ಆ ಕಡೇದು ನೀವು ನೋಡಿ," ಎಂದರು.

ಮೂರು ಜನ ಧೂಳು ಕುಡಿಯುತ್ತ ಕೂತೆವು. ಬಿಚ್ಚುವುದು, ಪುಟ ತಿರುಗಿಸುವುದು, ಪಕ್ಕಕ್ಕಿಡುವುದು. ಬಿಕ್ಕಳಿಕೆ ಬಂದಾಗ ಅಚ್ಚಾದ ಪತ್ರಿಕೆ ಅಂಚೆಯಲ್ಲಿ ಇನ್ನೂ ಬಂದಿರಲಿಲ್ಲವಾದ್ದರಿಂದ ಮಾರನೇ ದಿನವೂ ಹೋದೆವು, ಆಮೇಲೂ ಹೋದೆವು. ನಡುವೆ ಒಮ್ಮೆ ಮೇಷ್ಟ್ರು ಪುಟದಿಂದ ತಲೆ ಎತ್ತದೆಯೇ, "ಮೊದಲನೇ ಪುಟದಲ್ಲಿ ಹಾಕಬೇಕಾಗಿತ್ತಮ್ಮ," ಎಂದರು. ನಾನು ಅವರ ಮುಂದೆ ಇನ್ನೊಂದು ಕಟ್ಟು ಇಟ್ಟೆ. ಕೊನೆಗೆ ಅದನ್ನು ಕಂಡುಹಿಡಿದವರೂ ಅವರೇ. ಯಾವುದೋ ಹೊಳೆಯ ಕೆಳಹರಿವಿನ ದಡದಲ್ಲಿರುವ ಪಾಲಿಟೆಕ್ನಿಕ್‌ನ ತೆಳ್ಳನೆಯ ಪತ್ರಿಕೆ, ಹೊಲಿಗೆ ಬಿಟ್ಟುಕೊಂಡ ಹಾಳೆಗಳು. ಮೆಹರುನ್ನಿಸಾ ಎಂಬ ಜೂನಿಯರ್ ಎಂಜಿನಿಯರ್ ತಮ್ಮಲ್ಲಿ ಕಟ್ಟಲಿರುವ ಸೇತುವೆಯ ವಿವರ ಬರೆದಿದ್ದರು. ದಡದಾಚೆಯ ಹಳ್ಳಿಗಳ ಮಕ್ಕಳು ತೆಪ್ಪದಲ್ಲಿ ದಾಟುತ್ತಾರೆ, ಅದಕ್ಕಾಗಿ ಸೇತುವೆ. ಮರಳು ನುಣುಪಾಗಿದೆ, ಆದ್ದರಿಂದ ಹಾಲೇಶ್ ಅವರ ಕೋಷ್ಟಕದ ಕೊನೆಯ ಸಾಲನ್ನು ಅನುಸರಿಸಲಾಗಿದೆ. ಕೆಲಸ ಈ ತಿಂಗಳು ಶುರು.

ಪತ್ರಿಕೆಯಲ್ಲಿ ಫೋನ್ ನಂಬರಿತ್ತು, ಅದಕ್ಕೆ ಗಂಟೆಯೇ ಹೋಗಲಿಲ್ಲ. ಹಾಲೇಶ ಬ್ಯಾಗಿಗೆ ಒಂದು ಜೊತೆ ಬಟ್ಟೆ ತುರುಕಿಕೊಂಡ. ಮೇಷ್ಟ್ರು, "ನಾನೂ ಬರ್ತೀನಿ. ಅವರು ನಿನ್ನ ಮಾತು ನಂಬದೆ ಇದ್ರೆ ಸಂಪಾದಕ ಅಂತ ನಾನು ಹೇಳ್ತೀನಿ," ಎಂದರು. ಆ ವಯಸ್ಸಿನಲ್ಲಿ ಮೂರು ಬಸ್ಸು ಬದಲಿಸುವ ದಾರಿ. ನಾನು ಅವರಿಬ್ಬರಿಗೂ ಬುತ್ತಿ ಕಟ್ಟಿಕೊಟ್ಟೆ. ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ನಿಂತಿದ್ದು ಮನೆಗೆ ಬಂದೆ.

ಆ ಎರಡು ದಿನ ನಾನು ಒಲೆ ಹಚ್ಚಲಿಲ್ಲ. ಕಾಂಕ್ರೀಟ್ ಹಾಕಿಬಿಟ್ಟಿದ್ದರೆ? ಹಾಕಿದ್ದರೆ ಅದನ್ನು ಒಡೆಸುವ ಅಧಿಕಾರ ಯಾರಿಗಿದೆ, ಲೇಖನ ತಪ್ಪು ಎಂದರೆ ಕಂಟ್ರಾಕ್ಟರು ಕೇಳುತ್ತಾನೆಯೇ, ಹೊಳೆ ತುಂಬುವ ಕಾಲವೂ ದೂರವಿಲ್ಲ. ಮೂರನೇ ದಿನ ಬೆಳಿಗ್ಗೆ ಅಂಗಳಕ್ಕೆ ನೀರು ಹಾಕುತ್ತಿದ್ದಾಗ ಫೋನು ಬಂತು.

"ಅಕ್ಕ," ಎಂದ ಹಾಲೇಶ.

"ಹೇಳಪ್ಪ, ಏನಾಯ್ತು? ಹಾಕಿಬಿಟ್ಟಿದ್ದಾರಾ?"

"ಇಲ್ಲ. ಪಾಯ ತೆಗೆದಿದ್ದಾರೆ, ಕಾಂಕ್ರೀಟ್ ಹಾಕಿಲ್ಲ. ಅಕ್ಕ, ಆ ಮೇಡಂ ಪೂರ್ತಿ ಓದಿದ್ದಾರೆ. ಒಂದೊಂದು ಸಾಲೂ. ಕೊನೇ ಸಾಲಿನ ಪಕ್ಕ 'ಇದು ಸಾಕಾಗುತ್ತದೆಯೇ?' ಅಂತ ಪೆನ್ಸಿಲಲ್ಲಿ ಬರ್ಕೊಂಡಿದ್ದಾರೆ. ಯಾರನ್ನ ಕೇಳೋದು ಗೊತ್ತಾಗದೆ ನಾಲ್ಕು ದಿನದಿಂದ ಕೆಲಸ ನಿಲ್ಲಿಸಿಕೊಂಡು ಕೂತಿದ್ರಂತೆ. ಮೇಲಿನೋರ ಹತ್ರ ಬೈಸಿಕೊಂಡು."

ನಾನು ಅಂಗಳದಲ್ಲೇ ಕೂತುಬಿಟ್ಟೆ. ಬಿಂದಿಗೆ ಉರುಳಿ ನೀರೆಲ್ಲ ಹರಿದುಹೋಯಿತು. ಅಳುತ್ತಿದ್ದೆ, ಅವನಿಗೂ ಗೊತ್ತಾಗಿರಬೇಕು. ಹಿಂದಿನಿಂದ ಮೇಷ್ಟ್ರು ಯಾರಿಗೋ, ಹಾಗಲ್ಲ, ಈ ಬದಿಗೆ, ಎಂದು ಕೂಗಿ ಹೇಳುತ್ತಿದ್ದದ್ದು ಕೇಳಿಸಿತು.

"ಈಗ ಏನು ಮಾಡ್ತಿದ್ದಾರೆ?" ಎಂದೆ.

"ಅಗೀತಿದ್ದಾರೆ ಅಕ್ಕ. ಇನ್ನೂ ಎರಡು ಆಳುದ್ದ ಹೋಗ್ಬೇಕು. ತಡಿ, ಕೇಳು." ಅವನು ಫೋನನ್ನು ಗುಂಡಿಯ ಕಡೆ ಹಿಡಿದ. ಗುದ್ದಲಿಗಳು ಒದ್ದೆ ಮರಳಿಗೆ ಬೀಳುವ ಸದ್ದು, ಬುಟ್ಟಿ ಎತ್ತುವವರ ಮಾತು, ಒಬ್ಬ ಹೆಂಗಸಿನ ದನಿ, "ಇನ್ನೂ ಕೆಳಗೆ, ಇನ್ನೂ ಕೆಳಗೆ ಹೋಗ್ಲಿ," ಎನ್ನುತ್ತಿತ್ತು.